ಖಲೀಲನ ಮಣ್ಣಿಗೆ ಹೋದವನು

ದೆವ್ವ, ಪಿಶಾಚಿ, ಮೈಮೇಲೆ ಬರುವುದು ಮುಂತಾದ ಘನ ವಿಷಯಗಳಲ್ಲಿ ನನ್ನ ನಿಲುವು ಏನೆಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತಕ್ಕಡಿಯ ಪಕ್ಕ ಕೂತು ಸರ್ಕಾರದ ಅನ್ನ ತಿಂದವನು ನಾನು. ತಕ್ಕಡಿಯ ಮೇಲೆ ಕೂರದ ಯಾವ ವಸ್ತುವನ್ನೂ ನಂಬತಕ್ಕದ್ದಲ್ಲ ಎಂಬುದು ನನ್ನ ಸಂವಿಧಾನದ ಮೊದಲ ಕಲಮು. ನಿವೃತ್ತನಾಗಿ ಸೋಲೂರಿನ ಹತ್ತಿರದ ನಮ್ಮ ಹಳ್ಳಿಗೆ ಬಂದ ಮೇಲೂ ಅದಕ್ಕೆ ತಿದ್ದುಪಡಿ ತಂದಿರಲಿಲ್ಲ. ಜಗಲಿಯ ಮೇಲೆ ಯಾರಾದರೂ ಹುಣಸೆಮರದ ಮೋಹಿನಿಯ ಮಾತೆತ್ತಿದರೆ ಅವಳ ತೂಕವೆಷ್ಟು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಇದು ಬೇರೆಯವರಿಗೆ ಆಗಿದ್ದರೆ ನಾನೂ ನಂಬುತ್ತಿರಲಿಲ್ಲ.

ಖಲೀಲ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್. ಬೆಳಿಗ್ಗೆ ಗೂಡು ಕೊಳ್ಳಲು ಬಂದು ನನ್ನ ತೂಕವನ್ನು ಅನುಮಾನಿಸುತ್ತಿದ್ದ, ಆಮೇಲೆ ಟೀ ಕೊಡಿಸುತ್ತಿದ್ದ. ಈ ಎರಡು ಕೆಲಸವನ್ನೂ ಒಂದು ದಿನವೂ ತಪ್ಪಿಸಿದವನಲ್ಲ. ಬಿಸಿನೀರಿನಲ್ಲಿ ಕೈಯಾಡಿಸಿ ಅವನ ಬೆರಳುಗಳು ನೆನೆದ ಅವಲಕ್ಕಿಯ ಹಾಗೆ ಸದಾ ಬೆಳ್ಳಗಿರುತ್ತಿದ್ದವು. ಆ ಕೈಯಿಂದ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿಯೇ ಮಾತು ಶುರು ಮಾಡುವುದು. ನನಗೆ ಅಣ್ಣತಮ್ಮಂದಿರಿಲ್ಲ. ಇದ್ದಿದ್ದರೆ ಜಮೀನಿಗಾಗಿ ಕೋರ್ಟಿಗೆ ಹೋಗುತ್ತಿದ್ದೆವೇನೋ. ಇವನ ಜೊತೆ ಹಾಗಾಗಲಿಲ್ಲ. ಮುಪ್ಪಿನವರೆಗೂ ಬರೀ ಬಾಯಿಜಗಳದಲ್ಲೇ ಸುಖವಾಗಿದ್ದೆವು.

ನನ್ನ ಅವ್ವ ತೀರಿಕೊಂಡಾಗ ಅವನು ನಮ್ಮ ಹಳ್ಳಿಗೆ ಬಂದಿದ್ದ. ನಮ್ಮಲ್ಲಿ ಹೆಣ್ಣುಮಕ್ಕಳು ಬಂದು ಮುಖ ನೋಡದೆ ಹೆಣ ಎತ್ತುವುದಿಲ್ಲ. ದೂರದೂರಿನಿಂದ ನನ್ನ ತಂಗಿ ಬರುವ ತನಕ ಅವ್ವನನ್ನು ಐಸ್ ಪೆಟ್ಟಿಗೆಯಲ್ಲಿ ಮಲಗಿಸಿ ಕಾದೆವು. ಶಾಮಿಯಾನದ ಕೆಳಗೆ ನನ್ನ ಪಕ್ಕದಲ್ಲೇ ಕೂತು ಖಲೀಲನೂ ಕಾದ. ಕೊನೆಗೆ ತಡೆಯಲಾರದೆ ಕಿವಿಯ ಹತ್ತಿರ ಬಗ್ಗಿದ.

“ಏನ್ಲಾ ಗೌಡ, ಬಸ್‌ಸ್ಟಾಂಡ್‌ನಾಗೆ ಕಾಯ್ಸ್‌ದಂಗೆ ಕಾಯಿಸ್ತೀರಲ್ಲೋ ಅವ್ವನ್ನ.”

“ನಿಮ್ಮೋರಂಗೆ ಓಡಿಸ್ಕೊಂಡೋಗ್ಬೇಕಾಗಿತ್ತಾ?” ಅಂದೆ.

“ನಮ್ದು ಅಂಗೇ ಕಣ್ಲಾ. ಹೋದೋರ್ನ ತಡ ಮಾಡಿ ನೋಯಿಸ್ಬಾರ್ದು. ಅದ್ಕೇ ಈಗ್ಲೇ ಹೇಳಿರ್ತೀನಿ, ನನ್ ಸುದ್ದಿ ಬಂದಾಗ ಮುದ್ದೆ ಉಣ್ತಾ ಕೂರ್ಬೇಡ, ಎದ್ ಬಂದ್ಬುಡು. ಒಸಿ ತಡ ಆದ್ರೂ ಮುಖ ಸಿಕ್ಕಲ್ಲ.”

“ನಿನ್ ಮುಖ ನೋಡಕ್ಕೆ ಯಾರಿಗ್ಲಾ ಅಷ್ಟು ಅರ್ಜೆಂಟು?”

ಸಾವಿನ ಮನೆ ಎಂಬುದನ್ನು ಮರೆತು ಇಬ್ಬರೂ ತಲೆ ತಗ್ಗಿಸಿ ನಕ್ಕೆವು. ಅಳುತ್ತಿದ್ದಾರೆ ಅಂದುಕೊಂಡು ಯಾರೋ ನನ್ನ ಬೆನ್ನು ಸವರಿದರು.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಖಲೀಲನ ಮಗ ಇಮ್ತಿಯಾಜ್ ಫೋನ್ ಮಾಡಿದ. “ಚಾಚಾ, ಅಬ್ಬಾ ಹೋಗ್ಬುಟ್ರು. ಮಧ್ಯಾಹ್ನ ನಮಾಜ್ ಆದ್ಮೇಲೆ ಮಣ್ಣು. ಬಂದ್ಬುಡಿ.” ಇಷ್ಟೇ. ಫೋನ್ ಕಿವಿಗಿಟ್ಟುಕೊಂಡೇ ಎಷ್ಟೋ ಹೊತ್ತು ಕೂತಿದ್ದೆ. ಆಚೆಯಿಂದ ಖಲೀಲನೇ ಫೋನ್ ಕಿತ್ತುಕೊಂಡು ಬೈಯುತ್ತಾನೆ ಅನ್ನುವ ಹಾಗೆ.

ಆಮೇಲೆ ನನ್ನ ಬುದ್ಧಿ ಕೆಲಸ ಮಾಡತೊಡಗಿತು. ಮಾಡದೆ ಇದ್ದಿದ್ದರೆ ಚೆನ್ನಾಗಿತ್ತು. ಖಲೀಲನ ಮಗಳನ್ನು ಕಲಬುರಗಿಗೆ ಕೊಟ್ಟಿದ್ದರು. ಅವಳು ಎಷ್ಟು ಬೇಗ ಹೊರಟರೂ ರಾತ್ರಿಗೆ ಮುಂಚೆ ತಲುಪುವಂತಿಲ್ಲ. ಮಗಳು ಬಾರದೆ ಅಪ್ಪನನ್ನು ಎತ್ತುವುದುಂಟೇ? ಮಧ್ಯಾಹ್ನ ಎಂದು ಬಾಯಲ್ಲಿ ಹೇಳುತ್ತಾರೆ, ಎತ್ತುವುದು ಮಗಳು ಬಂದ ಮೇಲೆಯೇ ಎಂದು ನಾನು ತೀರ್ಪು ಬರೆದೆ. ಖಲೀಲ ಅಷ್ಟು ಸ್ಪಷ್ಟವಾಗಿ ಹೇಳಿದ್ದ ಮಾತು ಆ ಹೊತ್ತಿಗೆ ತಲೆಗೆ ಬರಲೇ ಇಲ್ಲ. ಹುಟ್ಟಿದಾಗಿನಿಂದ ನೋಡಿದ ಪದ್ಧತಿ ಅದಕ್ಕಿಂತ ಮೊದಲೇ ಬಂದು ಕೂತಿತ್ತು.

ಹೆಣ ನೋಡಿದ ಮೇಲೆ ಸ್ನಾನವಾಗದೆ ನಮ್ಮಲ್ಲಿ ಏನೂ ಮುಟ್ಟುವಂತಿಲ್ಲವಲ್ಲ. ಮಧ್ಯಾಹ್ನ ಸೊಸೆ ಬಡಿಸಿದಳು, ಉಂಡೇ ಹೊರಟೆ. ಮಾಗಡಿಯಲ್ಲಿ ಇಳಿದು ದೊಡ್ಡ ಗುಲಾಬಿ ಹಾರ ಹೇಳಿದೆ. ಸಿದ್ಧ ಇದ್ದದ್ದು ಬೇಡ, ನನ್ನೆದುರಿಗೇ ಕಟ್ಟು ಅಂದೆ. ಹೂವಿನವಳು ಕಟ್ಟಿದಳು, ನಾನು ನಿಂತು ನೋಡಿದೆ. ರಾಮನಗರದ ಬಸ್ಸು ಹತ್ತಿ, ಹಾರ ನಲುಗದ ಹಾಗೆ ತೊಡೆಯ ಮೇಲಿಟ್ಟುಕೊಂಡು, ಅವನ ಕೊರಳಿಗೆ ಇದನ್ನು ಹಾಕಿ ಏನು ಹೇಳಬೇಕು ಎಂದು ಯೋಚಿಸುತ್ತ ಕೂತೆ.

ಅವರ ಗಲ್ಲಿ ಮುಟ್ಟುವಾಗ ಬಿಸಿಲು ಇಳಿದಿತ್ತು. ತಮಟೆಯಿಲ್ಲ, ಗೋಳಾಟವಿಲ್ಲ. ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಹತ್ತಾರು ಜನ ಸುಮ್ಮನೆ ಕೂತಿದ್ದರು. ನನ್ನನ್ನು ಕಂಡು ಇಮ್ತಿಯಾಜ್ ಎದ್ದು ಬಂದ.

“ಎಲ್ಲಿಗೋಗ್ಬುಟ್ರಿ ಚಾಚಾ? ಮಣ್ಣು ಆದ್ಮೇಲೆ ಹುಡುಕ್ದೆ, ನೀವೇ ಇಲ್ಲ. ಇದೇನು, ಹಾರ ತರಕ್ಕೋಗಿದ್ರಾ?”

“ಮಣ್ಣು ಆಯ್ತಾ?” ಅಂದೆ.

ಅವನು ಹೆದರಿ ನನ್ನ ತೋಳು ಹಿಡಿದುಕೊಂಡ. “ಆಯ್ತಲ್ಲ ಚಾಚಾ. ನೀವೇ ಹೆಗಲು ಕೊಟ್ರಿ. ನಮ್ಮಲ್ಲಿ ಹಾಕೋ ಮೂರು ಹಿಡಿ ಮಣ್ಣು ಹಾಕಿ ಇನ್ನೊಂದಕ್ಕೂ ಬಗ್ಗಿದ್ರಿ. ನಾನೇ ಕೈ ಹಿಡಿದು ಎಬ್ಬಿಸ್ದೆ. ಕೂತ್ಕಳಿ, ನೀರು ತರ್ಸ್ತೀನಿ.”

ನಾನು ನನ್ನ ಕೈಗಳನ್ನು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಮಣ್ಣಿರಲಿಲ್ಲ. ಗುಲಾಬಿಯ ವಾಸನೆ ಇತ್ತು. ಹೇಳಬೇಕೆಂದು ಬಾಯಿ ತೆರೆದೆ. ಇಲ್ಲಪ್ಪ, ನಾನೀಗ ಬರುತ್ತಿದ್ದೇನೆ, ನನಗೆ ನಿಮ್ಮಪ್ಪನ ಮುಖ ಸಿಕ್ಕಲಿಲ್ಲ ಎಂದು. ಅಷ್ಟರಲ್ಲಿ ಒಳಗಿನಿಂದ ಭಾಬಿ ಕರೆಯುತ್ತಿದ್ದಾರೆ ಎಂದು ಯಾರೋ ಬಂದರು.

ಖಲೀಲನ ಹೆಂಡತಿ ಅಷ್ಟು ವರ್ಷ ನನ್ನೆದುರಿಗೆ ನಿಂತು ಟೀ ಕೊಟ್ಟವರು, ಗಂಡನ ಮೇಲೆ ದೂರು ಹೇಳಿದವರು. ಆದರೆ ಅವರಲ್ಲಿ ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಎದುರಿಗೆ ಬರುವಂತಿಲ್ಲ. ಬಾಗಿಲಿಗೆ ಹಸಿರು ಬೆಡ್‌ಶೀಟ್ ಕಟ್ಟಿದ್ದರು. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ನನ್ನ ಕೈ ಹಿಡಿದು ಗೋಳೋ ಎಂದು ಅಳಬೇಕಾದ ಜೀವ ಆ ಬೆಡ್‌ಶೀಟಿನ ಹಿಂದೆ ಕೂತಿತ್ತು. ನಾನು ಬಟ್ಟೆಗೆ ಕೈ ಮುಗಿದೆ.

“ಅಣ್ಣಾ, ಬಂದ್ರಾ,” ಎಂದರು. “ನೀವು ಅವರ ಕಾಲು ಹಿಡ್ಕಂಡು ಮುಖ ನೋಡ್ತಾ ನಿಂತಾಗ ಹುಡುಗ್ರು ಹೊತ್ತಾಯ್ತು ಅಂತ ಬಂದ್ರು. ಬುಡ್ರಪ್ಪಾ, ಅವರಿಬ್ರದು ಮುಗೀಲಿ ಅಂತ ಬಾಗಿಲ ಸಂದೀಲಿ ನೋಡ್ತಿದ್ದ ನಾನೇ ಅಂದೆ.” ಬೆಡ್‌ಶೀಟಿನ ಆಚೆ ಮೂಗು ಒರೆಸಿಕೊಂಡ ಸದ್ದಾಯಿತು. “ಮಗಳು ಇನ್ನೂ ದಾರೀಲವ್ಳೆ. ಬಂದು ಏನ್ ನೋಡ್ತಾಳೆ? ಅವಳ ಪಾಲಿಗೂ ನೀವೇ ನೋಡಿದ್ರಿ ಅನ್ಕಂಡಿದೀನಿ. ಅದೊಂದೇ ಒಸಿ ಸಮಾಧಾನ.”

ಈಗ ನೀವೇ ಹೇಳಿ, ಆ ಹೆಂಗಸಿಗೆ ಏನು ಉತ್ತರ ಕೊಡಬೇಕಾಗಿತ್ತು? “ಹೂಂ ಭಾಬಿ,” ಅಂದೆ. “ನೋಡ್ದೆ.”

ಊಟಕ್ಕೆ ಏಳಿ ಎಂದರು. ಅವರಲ್ಲಿ ಅಕ್ಕಪಕ್ಕದವರು ಅಡಿಗೆ ಮಾಡಿ ತಂದು ಬಂದವರಿಗೆಲ್ಲ ಬಡಿಸುತ್ತಾರೆ. ಮಣ್ಣಿಗೆ ಮುಂಚೆ ಕೇಳಿದಾಗಲೂ ಬೇಡ ಅಂದ್ರಿ, ಈಗಲೂ ಬೇಡ ಅಂತೀರಿ ಎಂದು ಇಮ್ತಿಯಾಜ್ ನೊಂದುಕೊಂಡ. ನಾನು ಹಾರ ಹಿಡಿದುಕೊಂಡು ಖಬರಸ್ತಾನದ ಕಡೆ ನಡೆದೆ.

ಹೊಸ ಗುಡ್ಡೆ ಇನ್ನೂ ಒದ್ದೆಯಾಗಿತ್ತು. ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಹಾಕಲೇ ಬೇಡವೇ ಎಂಬ ಪ್ರಶ್ನೆ ಎದ್ದಿತು, ನಗಬೇಡಿ. ನನ್ನ ಲೆಕ್ಕದಲ್ಲಿ ಇದು ಮೊದಲನೆಯದು, ಊರಿನವರ ಲೆಕ್ಕದಲ್ಲಿ ನಾಲ್ಕನೆಯದು. ಮಣ್ಣನ್ನು ಹಾಗೇ ಕೆಳಗಿಟ್ಟು, ಹಾರದ ದಾರ ಕಿತ್ತು, ಹೂವನ್ನು ಗುಡ್ಡೆಯ ಮೇಲೆ ಉದುರಿಸಿದೆ. ಗುಣಿ ತೋಡುವ ಮುದುಕ ಹಾರೆ ಹಿಡಿದು ಹತ್ತಿರ ಬಂದ.

“ಮತ್ತೆ ಬಂದ್ಬುಟ್ರಾ ಸ್ವಾಮಿ? ಮಧ್ಯಾಹ್ನ ಅತ್ತಿದ್ದು ಸಾಲ್ದಾ? ಅಂಗೆ ದನಿ ತೆಗ್ದು ಅಳಾದು ನಮ್ಮಲ್ಲಿ ಸಲ್ಲದು. ನಿಮ್ ಸಂಕಟ ನೋಡಿ ಯಾರೂ ಏನೂ ಅನ್ನಲಿಲ್ಲ. ಸಾಕು, ಮನೆಗೋಗಿ.”

ಬೆಳಿಗ್ಗೆಯಿಂದ ಅಲ್ಲಿಯವರೆಗೆ ನಾನು ಒಂದು ಹನಿಯೂ ಅತ್ತಿರಲಿಲ್ಲ. ಆಗಲೂ ಅಳು ಬರಲಿಲ್ಲ. ನನ್ನ ಪಾಲಿನ ಅಳುವನ್ನೂ ಯಾರೋ ಮುಗಿಸಿ ಹೋಗಿದ್ದರು.

ಅಂದಿನಿಂದ ಇಂದಿನವರೆಗೆ ನಾನೊಬ್ಬನೇ ನ್ಯಾಯಾಧೀಶನಾಗಿ, ನಾನೇ ಎರಡೂ ಕಡೆ ವಕೀಲನಾಗಿ ಈ ಮೊಕದ್ದಮೆ ನಡೆಸಿದ್ದೇನೆ. ನನ್ನ ಹಾಗೆ ಬಿಳಿ ಮೀಸೆ, ಹೆಗಲ ಮೇಲೆ ಟವೆಲ್ ಇರುವ ಮುದುಕರು ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ, ನಿಜ. ಆದರೆ ಭಾಬಿ ನನ್ನನ್ನು ತಪ್ಪಾಗಿ ಗುರುತಿಸಿಯಾರೇ? ತಡವಾಗಿ ಬಂದವನಿಗೆ ನೋವಾಗದಿರಲಿ ಎಂದು ಎಲ್ಲರೂ ಸೇರಿ ಸುಳ್ಳು ಹೇಳಿದರು ಎನ್ನೋಣವೆಂದರೆ, ನಾನು ತಡವಾಗಿ ಬಂದೆನೆಂದು ಹೇಳುವ ಮೊದಲೇ ಆ ಹುಡುಗ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ. ನಾನೇ ಹೋಗಿ ಮರೆತೆನೇ? ಅವರು ಮಣ್ಣು ಮಾಡುವ ಹೊತ್ತಿಗೆ ನಾನು ಮನೆಯಲ್ಲಿ ಉಣ್ಣುತ್ತಿದ್ದೆನೆಂದು ಸೊಸೆ ಇವತ್ತಿಗೂ ಹೇಳುತ್ತಾಳೆ. ತೀರ್ಪು ಬರೆಯಲು ಈ ನ್ಯಾಯಾಧೀಶನಿಗೆ ಕೈ ಬರುತ್ತಿಲ್ಲ.

ನಲವತ್ತನೆಯ ದಿನ ಪ್ರಾರ್ಥನೆ ಮಾಡಿಸಿ ಊಟಕ್ಕೆ ಕರೆದಿದ್ದರು. ಈ ಸಲ ಬೆಳಗಾಗುತ್ತಲೇ ಹೋಗಿ ಕೂತೆ. ಎಲ್ಲರೂ ಎದ್ದ ಮೇಲೆ ಇಮ್ತಿಯಾಜನನ್ನು ಪಕ್ಕಕ್ಕೆ ಕರೆದು, ಮಾತು ಬೇರೆಲ್ಲಿಂದಲೋ ಸುತ್ತಿಸಿ ತಂದು ಕೇಳಿದೆ. “ಅಬ್ಬನ ಮುಖ ಹೆಂಗಿತ್ತಪ್ಪ, ಕೊನೇಗೆ?”

ಅವನು ಕೈಲಿದ್ದ ಟೋಪಿ ಮಡಚುತ್ತ ನಿಂತ.

“ಅದ್ನೇ ನಿಮ್ಮನ್ನ ಕೇಳ್ಬೇಕು ಅಂತಿದ್ದೆ ಚಾಚಾ. ಕಫನ್ ಬಟ್ಟೆ ತರೋದು, ನೀರು ಕಾಯ್ಸೋದು, ಜನ, ಫೋನು. ನಾನು ಸರಿಯಾಗಿ ನೋಡ್ಲೇ ಇಲ್ಲ. ಆಮೇಲೆ ಮುಖ ಮುಚ್ಚಿಬುಟ್ರು. ಅಷ್ಟೊತ್ತು ನಿಂತು ನೋಡಿದ್ದು ನೀವೊಬ್ರೇ. ಹೇಳಿ, ಹೆಂಗಿತ್ತು?”

ಹುಡುಗ ಕಾಯುತ್ತಿದ್ದ. “ಚೆನ್ನಾಗಿತ್ತು ಕಣಪ್ಪ,” ಅಂದೆ. “ನೋವೇನೂ ಇರ್ಲಿಲ್ಲ. ನನ್ನ ಬೈಯ್ಯಕ್ಕೆ ಬಾಯಿ ತೆಗ್ದಂಗೆ, ಒಸಿ ನಗ್ತಿದ್ದಂಗಿತ್ತು.”

ಅವನು ನನ್ನ ಹೆಗಲಿಗೆ ತಲೆಯಿಟ್ಟು ಅತ್ತ. ಆ ಮುಖ ನಿಜವಾಗಿ ಹಾಗಿತ್ತೇ ಎಂದು ನಾನು ಯಾರನ್ನಾದರೂ ಕೇಳಬೇಕು. ಕೇಳಬೇಕಾದವನು ಯಾರು, ಎಲ್ಲಿರುತ್ತಾನೆ ಎಂಬುದು ಇವತ್ತಿಗೂ ನನಗೆ ತಿಳಿಯದು.