ದುಂಡಕ್ಕನ ಕೊನೆಯ ಚೀಟಿ

ಮ್ಯೂಸಿಯಮ್ಮಿನ ವಸ್ತುಗಳ ಮುಂದಿಡುವ ವಿವರದ ಚೀಟಿಗಳನ್ನು ಮೂವತ್ತು ವರ್ಷ ಕುಂಚದಿಂದ ಬರೆದವಳು ಅವಳು. ಮುತ್ತು ಪೋಣಿಸಿದಂಥ ದುಂಡು ಅಕ್ಷರ, ಹಾಗಾಗಿ ಎಲ್ಲರಿಗೂ ದುಂಡಕ್ಕ. ಈ ಬೇಸಿಗೆಯ ಪ್ರದರ್ಶನ ‘ಮರೆಯಾದ ಕಸುಬುಗಳು’. ಗಡಿಯಾರ ರಿಪೇರಿಯವನ ಭೂತಗನ್ನಡಿಯಿಂದ ಹಿಡಿದು ಕಮ್ಮಾರನ ತಿದಿಯವರೆಗೆ ‘ಈಗ ಬಳಕೆಯಲ್ಲಿಲ್ಲ’ ಎಂದು ಬರೆದು ಬರೆದು ಅವಳ ಕೈ ಸೋತಿತ್ತು.

ಉದ್ಘಾಟನೆಯ ಬೆಳಿಗ್ಗೆ ಮ್ಯೂಸಿಯಮ್ಮಿನ ಸಾಹೇಬರು ಖಾಲಿ ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿದರು.

“ಅಕ್ಕಾ, ನಾಳೆಯಿಂದ ಚೀಟಿ ಎಲ್ಲಾ ಪ್ರಿಂಟು. ನಿಮ್ಮ ಕುಂಚ ಇಲ್ಲಿಡೋಣ. ಇದರ ಚೀಟಿ ಮಾತ್ರ ನೀವೇ ಬರೀರಿ.”

“ನನ್ನ ಬೆರಳಿಂದ ನನ್ನ ಕಣ್ಣೇ ಚುಚ್ಚಿಸ್ತೀರಲ್ಲಪ್ಪಾ!”

ಸಾಹೇಬರು ನಕ್ಕರು. ಅವಳು ಬರೆದಳು: ‘ಚೀಟಿ ಬರೆಯುವ ಕುಂಚ. ಈಗ ಬಳಕೆಯಲ್ಲಿಲ್ಲ.’

ಒಂದು ದಿನವೂ ಕುಂಚವನ್ನು ತೊಳೆಯದೆ ಎತ್ತಿಟ್ಟವಳಲ್ಲ ದುಂಡಕ್ಕ. ಅಂದು ಮಾತ್ರ ಬಣ್ಣ ಹಸಿಯಿರುವಂತೆಯೇ ಪೆಟ್ಟಿಗೆಯೊಳಗಿಟ್ಟಳು. ತೊಳೆಯದ ಕುಂಚ ಸಂಜೆಯೊಳಗೆ ಒಣಗಿ ಕಟ್ಟಿಗೆಯಾಗುತ್ತದೆ. ಆಗಲಿ, ಅವಳು ಬರೆದ ಚೀಟಿ ಸುಳ್ಳಾಗಬಾರದಲ್ಲ!