ನಮ್ಮ ಅಯ್ಯನವರು ಓಟಿಗೆ ನಿಂತದ್ದು

ನಮ್ಮ ಮನೆತನದ ಗುರುಗಳು, ನಾವು ಅಯ್ಯನವರು ಎನ್ನುತ್ತಿದ್ದವರು, ಓಟಿಗೆ ನಿಂತರೆಂದು ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಆಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಚೌಳಹಿರಿಯೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸಾವಿನ ತನಕ ಎಲ್ಲಕ್ಕೂ ಅವರೇ ಬೇಕು. ಅವರು ಬಂದರೆ ಅಮ್ಮ ಚೊಂಬು ತಂದು ಪಾದ ತೊಳೆದು, ನಡುಮನೆಯಲ್ಲಿ ಕಂಬಳಿ ಹಾಸಿ ಕೂರಿಸುತ್ತಿದ್ದಳು. ಅವರು ಉಣ್ಣದೆ ಅಪ್ಪ ತುತ್ತು ಎತ್ತುತ್ತಿರಲಿಲ್ಲ. ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವ ಸೀರೆ ಉಡಿಕೆ ನಮ್ಮಲ್ಲಿ ಹಿಂದಿನಿಂದಲೂ ಇತ್ತು. ಆದರೆ ದೀಪ ಸಣ್ಣಗೆ ಮಾಡಿ, ಮುತ್ತೈದೆಯರನ್ನು ದೂರವಿಟ್ಟು ಮಾಡುತ್ತಿದ್ದರು. ಅದನ್ನು ಹಾಡಹಗಲೇ ಅಂಗಳಕ್ಕೆ ತಂದವರು ಈ ಅಯ್ಯನವರು. "ಕತ್ಲಾಗೆ ಮಾಡಾಕೆ ಇದೇನು ಕಳ್ತನವೇನ್ರೋ?" ಎಂದು ಹಿರಿಯರನ್ನೇ ಗದರಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವತ್ತು ಮನಸಾರೆ ಅವರ ಕಾಲಿಗೆ ಬಿದ್ದಿದ್ದೆ.

ಎಪ್ಪತ್ತರ ದಶಕದಲ್ಲಿ ನನ್ನ ತಂಗಿ ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಅಮ್ಮನಿಗೆ ಸಮಾಧಾನ ಹೇಳಿದವರು ಅಯ್ಯನವರೇ. "ಅಳಬ್ಯಾಡ ಕಣವ್ವ. ಒಳ್ಳೆ ಗಂಡು ಸಿಕ್ಲಿ, ನಾನೇ ನಿಂತು ಮಾಡಿಸ್ತೀನಿ."

ಅಷ್ಟರಲ್ಲಿ ಅವರು ಕಡೂರಿನ ಮುಖಂಡರ ಕಣ್ಣಿಗೆ ಬಿದ್ದರು. ಮೊದಲು ಬೇರೆಯವರ ಪರ ಭಾಷಣ, ಆಮೇಲೆ ತಾಲ್ಲೂಕು ಬೋರ್ಡು. ಎಂಬತ್ತರ ದಶಕ ಬಂದಾಗ ಜೀಪು, ಮೈಕು, ಅಸೆಂಬ್ಲಿ ಟಿಕೇಟು! ನಮ್ಮ ಗ್ರಹಚಾರ ನೋಡಿ, ಅವರಿಗೆ ಚಪ್ಪಾಳೆ ಬಿದ್ದದ್ದು ಒಂದೇ ಮಾತಿಗೆ: ಸಂಪ್ರದಾಯ ಕೆಟ್ಟುಹೋಯಿತು, ಹೆಣ್ಣುಮಕ್ಕಳು ಹದ್ದುಬಸ್ತಿನಲ್ಲಿಲ್ಲ. ಸರಿ, ಊರೂರಲ್ಲೂ ಅದನ್ನೇ ಒದರಿದರು.

ಅದೇ ಹೊತ್ತಿಗೆ ಅಜ್ಜಂಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ, ಹೆಂಡತಿ ತೀರಿಕೊಂಡಿದ್ದವನೊಬ್ಬ ತಂಗಿಯನ್ನು ಒಪ್ಪಿದ. ಅವಳೂ ಒಪ್ಪಿದಳು. ನಗುವುದನ್ನೇ ಬಿಟ್ಟಿದ್ದವಳು ಕೊಟ್ಟಿಗೆಯಲ್ಲಿ ಒಬ್ಬಳೇ ಹಾಡಿಕೊಳ್ಳತೊಡಗಿದಳು. ಅವನ ತಾಯಿಯದು ಮಾತ್ರ ಒಂದೇ ಹಟ: "ಅಯ್ನೋರು ಬಂದು ಅಕ್ಷತೆ ಹಾಕ್ಬೇಕು. ಇಲ್ದಿದ್ರೆ ನಮ್ ಜನ ಇವಳ ಕೈಲಿ ನೀರೂ ಕುಡಿಯಾಕಿಲ್ಲ." ಅಪ್ಪ ಕೇಳಲು ಹೋದರೆ ಅಯ್ಯನವರು "ಎಲೆಕ್ಷನ್ ಮುಗೀಲಿ" ಅಂದರು. ಮತ್ತೆ ಹೋದಾಗ, "ಗುಟ್ಟಾಗಿ ಮಾಡ್ಕಳಿ, ನನ್ನ ಕರೀಬ್ಯಾಡಿ" ಅಂದರು. ಹೊಟ್ಟೆ ಉರಿದುಹೋಯಿತು ನನಗೆ.

ನಾನು ತರೀಕೆರೆಯ ಗಂಡನ ಮನೆಯಿಂದ ಬಂದಿದ್ದಾಗಲೇ ಅವರು ಓಟು ಕೇಳಲು ನಮ್ಮ ಬಾಗಿಲಿಗೆ ಬಂದರು. ಹಿಂದೆ ಅರ್ಧ ಊರು. ಅಮ್ಮ ಅಭ್ಯಾಸಬಲದಿಂದ ಚೊಂಬು ಹಿಡಿದು ಓಡಿದಳು. ತಂಗಿ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಅಯ್ನೋರೆ, ಗುರುಗಳಾಗಿ ಬಂದಿದ್ರೆ ಒಳಕ್ಕೆ ಬನ್ನಿ, ಪಾದ ತೊಳೀತೀವಿ. ನನ್ ಮದ್ವೆಗೆ ದಿನ ಹೇಳಿ. ಓಟಿಗೆ ಬಂದಿದ್ರೆ ಜಗುಲಿ ಮ್ಯಾಲೆ ಕೂತ್ಕಳಿ."

ಭಲೇ ಹುಡುಗಿ, ಅಂದುಕೊಂಡೆ. ಅಯ್ಯನವರು ಅವಳ ಮುಖ ನೋಡಿದರು. ಹಿಂದೆ ತಿರುಗಿ ಜನರನ್ನು ನೋಡಿದರು. ಆಮೇಲೆ ಪಂಚೆ ಸರಿಮಾಡಿಕೊಂಡು ಜಗುಲಿಯ ಮೇಲೆ ಕುಳಿತರು.

ಆ ವಾರವೇ ಅಜ್ಜಂಪುರದವರು ಸಂಬಂಧ ಬೇಡವೆಂದು ಹೇಳಿಕಳಿಸಿದರು. ತಂಗಿಗೆ ಮತ್ತೆ ಮದುವೆಯಾಗಲಿಲ್ಲ. ಅಯ್ಯನವರು ಆ ಸಲ ಸೋತರು; ಅದರಿಂದ ನನಗೆ ಸಂತೋಷವೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮರೆಯಲಾಗದ್ದು ಓಟಿನ ದಿನದ ಮಧ್ಯಾಹ್ನ. ನನ್ನ ಓಟು ತರೀಕೆರೆಯಲ್ಲಿ, ಹಾಕಲು ನಾನು ಹೋಗಲೇ ಇಲ್ಲ. ಅಪ್ಪ ಹೋಗಿ ಬಂದು ಊಟಕ್ಕೆ ಕುಳಿತ. ಬೆರಳಿನ ಶಾಯಿ ಇನ್ನೂ ಹಸಿ. ತಂಗಿ ಮುದ್ದೆ ಬಡಿಸುತ್ತ ಕೇಳಿದಳು.

"ಯಾರಿಗ್ ಹಾಕ್ದೆ ಅಪ್ಪಾ?"

ಅಪ್ಪ ತಲೆ ಎತ್ತಲಿಲ್ಲ. "ಗುರುಗಳು ಕಣವ್ವ. ಹೆಂಗೆ ಬಿಡಾಕಾಯ್ತದೆ?"

ಅವಳು ಸಾರು ಹುಯ್ದು ಒಳಗೆ ಹೋದಳು. ಅಪ್ಪ ಬದುಕಿದ್ದಷ್ಟು ದಿನವೂ ಅವಳೇ ಬಡಿಸಿದಳು. ಅಪ್ಪಾ ಎಂದು ಮಾತ್ರ ಮತ್ತೆ ಕರೆಯಲಿಲ್ಲ.