ಶೋಭಕ್ಕನ ಹೆಸರಿನಲ್ಲಿ ತೆರೆದಿದ್ದ ಕಂಪ್ಯೂಟರ್

ಶೋಭಕ್ಕಾ, ಆ ಪಾಳಿ ಪಟ್ಟಿಯನ್ನು ನೀವು ತಿದ್ದಿರಲಿಲ್ಲ. ಅದು ನಿಮಗೆ ಗೊತ್ತು, ನನಗೂ ಗೊತ್ತು — ಊರಿಗೆ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನು ನಾನು.

ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ಮೂಡಲಗಿಯಲ್ಲಿ ಸಕ್ಕರೆ ಕಾರ್ಖಾನೆಯ ನಮ್ಮ ಕಬ್ಬಿನ ಕಚೇರಿಯಲ್ಲಿ ಒಂದೇ ಕಂಪ್ಯೂಟರ್, ಇಬ್ಬರೇ ಆಪರೇಟರ್‌ಗಳು — ನೀವು, ನಾನು. ಯಾರ ಕಬ್ಬು ಯಾವಾಗ ಕಡಿಯಬೇಕು ಎಂಬ ಪಾಳಿ ಅದರಲ್ಲೇ ಇರುತ್ತಿತ್ತು. ನಾಲ್ಕು ನಿಮಿಷ ಕೈಬಿಟ್ಟರೆ ಸಾಕು, ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಕಿಟಕಿಯ ತುಂಬ ರೈತರು — "ಲಗೂ ನೋಡೋ ತಮ್ಮಾ, ನಮ್ಮ ಪಾಳಿ ಯಾವಾಗೈತಿ?" ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಈ ಕಾಟವೇ ಬೇಡವೆಂದು, ಅದು ಏನನ್ನೂ ಕೇಳದೆ ತೆರೆದುಕೊಳ್ಳುವಂತೆ ಮಾಡಲು ಹೊರಟೆ. ಬೆಳಿಗ್ಗೆ ಮೊದಲು ಬರುವವರು ನೀವು. ಆದ್ದರಿಂದ ನಿಮ್ಮ ಹೆಸರಿನಲ್ಲಿ.

"ನನ್ನ ಹೆಸರು ಹಿಂಗ ತೆರದಿಡೂದು ಬ್ಯಾಡೋ ತಮ್ಮಾ," ಅಂದಿರಿ.

"ಏನಾಗತೈತ್ರಿ ಅಕ್ಕಾ? ನಾ ಅದೀನಲ್ರಿ," ಅಂದೆ. ನನ್ನ ಮಾತು ನಂಬಿ ನೀವೇ ಒಮ್ಮೆ ಪಾಸ್‌ವರ್ಡ್ ಒತ್ತಿಕೊಟ್ಟಿರಿ.

ನಾವು ಚಹಾಕ್ಕೆ ಹೋದಾಗ ಯಾರು ಬಂದು ಕೂತರೋ — ಇವತ್ತಿಗೂ ಗೊತ್ತಿಲ್ಲ. ಯಾರದೋ ಕಬ್ಬು ಮುಂದೆ ಬಂತು, ಕೌಜಲಗಿಯವರೊಬ್ಬರ ಪಾಳಿ ತಿಂಗಳು ಹಿಂದೆ ಹೋಯಿತು. ಅವರು ಬಂದು ಕಚೇರಿಯನ್ನೇ ತಲೆ ಮೇಲೆ ಹೊತ್ತರು. ತಿದ್ದಿದವರು ಯಾರೆಂದು ಕಂಪ್ಯೂಟರಿನಲ್ಲಿ ಹುಡುಕಿದರೆ ನಿಮ್ಮ ಹೆಸರು.

ವಿಚಾರಣೆಗೆ ಸಾಹೇಬರು ಬರುವ ಮೊದಲೇ ನಾನು ಕಂಪ್ಯೂಟರನ್ನು ಮೊದಲಿನಂತೆ ಮಾಡಿಟ್ಟಿದ್ದೆ. "ಅದು ತಾನ ತೆರೀತೈತ್ರಿ," ಅಂದಿರಿ ನೀವು. ಅವರು ಬಟನ್ ಒತ್ತಿದರು. ಅದು ಪಾಸ್‌ವರ್ಡ್ ಕೇಳಿತು. ಸಾಹೇಬರು ನನ್ನತ್ತ ತಿರುಗಿದರು.

"ಯಾವಾಗ್ಲೂ ಕೇಳತೈತ್ರಿ ಸಾಹೇಬ್ರ. ಅಕ್ಕಾರ ಪಾಸ್‌ವರ್ಡ್ ಅಕ್ಕಾರಿಗಷ್ಟ ಗೊತ್ರಿ."

ಎರಡನೆಯ ಮಾತು ಖರೆ ಇತ್ತು. ಅದಕ್ಕೇ ಅಷ್ಟು ಸಲೀಸಾಗಿ ಬಂತು — ಥೂ, ನನ್ನ ಬಾಯಿಗೆ ಮಣ್ಣು ಹಾಕ! ಅವತ್ತೇ ನಿಮ್ಮ ಕೆಲಸ ಹೋಯಿತು. "ಕಳ್ಳಿ" ಅಂದರು ಜನ. ಕಿಟಕಿಯ ಈಚೆ ಕೂತು ಕೇಳುತ್ತಲೇ ಮುಂದಿನವರ ಪಾಳಿ ನೋಡಿದೆ. ಹೆದರಿದ್ದೆ ಎನ್ನಬಹುದು. ಆದರೆ ಮರುದಿನವೂ ಹೇಳಲಿಲ್ಲವಲ್ಲ, ಮರುವರ್ಷವೂ —

ಹೋದ ವಾರ ಹುಕ್ಕೇರಿ ಬಸ್ ನಿಲ್ದಾಣದಲ್ಲಿ ನೀವು ಸಿಕ್ಕಿರಿ. ತಪ್ಪಿಸಿಕೊಳ್ಳಲು ನೋಡಿದೆ; ನೀವೇ ಕರೆದಿರಿ. "ಯಾರವ್ವಾ ಇವರು?" ಎಂದಳು ನಿಮ್ಮ ಮಗಳು.

"ನನ್ನ ಸಂಗಾಟ ಕೆಲಸಾ ಮಾಡತಿದ್ರು. ನಮಸ್ಕಾರ ಮಾಡು."

ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದೆಗೆಯಲಿಲ್ಲ, ಅಕ್ಕಾ. ನಿಂತು ಮುಟ್ಟಿಸಿಕೊಂಡೆ.

ಈ ಕಾಗದದ ಒಂದು ಪ್ರತಿಯನ್ನು ನಾಳೆ ಕಚೇರಿಗೆ ಕೊಡುತ್ತೇನೆ. ಇನ್ನೊಂದನ್ನು ಹಿಡಿದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಕ್ಷಮೆ ಕೇಳಲು ಅಲ್ಲ. ನಾನು ಯಾರೆಂದು ಆ ಹುಡುಗಿಗೆ ಹೇಳಬೇಕು.